ನೆರೆಹೊರೆಯ ದಾಸೋಹ: ಹಂಚಿಕೊಳ್ಳುವುದಕ್ಕೂ ಒಂದು ಕಟ್ಟಳೆ



ಶ್ರಾವಣಮಾಸದ ಪ್ರವಚನ ಮಂಗಲಗೊಂಡ ಬಳಿಕ ಶ್ರೀಮಠದ ಉಗ್ರಾಣದ ಸಾಮಾನುಗಳನ್ನು ಎಣಿಸಿ ಪಟ್ಟಿಯೊಡನೆ ತಾಳೆ ನೋಡುವುದು ನಮ್ಮಲ್ಲಿ ಹಿಂದಿನಿಂದ ನಡೆದುಬಂದ ಪದ್ಧತಿ. ಈ ಸಲ ಎಣಿಸಿದಾಗ ಎರಡು ಪರಾತ, ಒಂದು ಕೊಪ್ಪರಿಗೆಯ ಮುಚ್ಚಳ, ಒಂದು ಜಮಖಾನೆ, ಮೂವತ್ತಕ್ಕೂ ಹೆಚ್ಚು ತಾಟುಗಳು ಕಡಿಮೆ ಬಿದ್ದವು. ಮದುವೆ, ಸೀಮಂತ, ಗೃಹಪ್ರವೇಶ, ತಿಥಿಗಳಿಗೆಂದು ಸುತ್ತಲಿನ ಮನೆಯವರು ಒಯ್ದವುಗಳಲ್ಲಿ ಕೆಲವು ಮರಳಿ ಬಂದಿರಲಿಲ್ಲ. ಆಡಳಿತ ಸಮಿತಿಯ ಸಭೆಯಲ್ಲಿ ಈ ವಿಷಯ ಬಂದಾಗ ಎರಡು ಅಭಿಪ್ರಾಯಗಳು ಮೂಡಿದವು. ಇನ್ನು ಮುಂದೆ ಯಾರಿಗೂ ಪಾತ್ರೆ ಕೊಡುವುದು ಬೇಡವೆಂದು ಕೆಲವರು ಹೇಳಿದರು. ಪೇಟೆಯ ಪೆಂಡಾಲದವರಂತೆ ಬಾಡಿಗೆ ಹಚ್ಚಿ ಕೊಡೋಣವೆಂದು ಇನ್ನು ಕೆಲವರು ಹೇಳಿದರು. ಪೂಜ್ಯ ಶ್ರೀಗಳು ಎರಡನ್ನೂ ಕೇಳಿ, "ಪಾತ್ರೆ ಒಯ್ದವರ ಪುಸ್ತಕವನ್ನು ಮೊದಲಿನಿಂದ ಒಮ್ಮೆ ಓದಿ ನೋಡಿರಿ, ಆಮೇಲೆ ಮಾತಾಡೋಣ" ಎಂದು ಅಪ್ಪಣೆ ಕೊಡಿಸಿದರು.

ಆ ಪುಸ್ತಕವನ್ನು ನಾವು ಓದಿದೆವು. ಕಳೆದುಹೋದ ತಾಟುಗಳಿಗಿಂತ ದೊಡ್ಡದಾದ ಒಂದು ನಷ್ಟವನ್ನು ಅದು ನಮಗೆ ತೋರಿಸಿತು. ಅದೇನೆಂಬುದನ್ನು ಈ ಲೇಖನದ ಕೊನೆಯ ಭಾಗದಲ್ಲಿ ನಿವೇದಿಸುತ್ತೇವೆ. ಅದಕ್ಕೂ ಮೊದಲು, ನೆರೆಹೊರೆಯವರು ತಮ್ಮಲ್ಲಿರುವುದನ್ನು ಹಂಚಿಕೊಂಡು ಬಾಳುವುದೆಂದರೇನು, ಆ ಬಾಳುವೆ ಯಾವುದರಿಂದ ಉಳಿಯುತ್ತದೆ, ಯಾವುದರಿಂದ ಅಳಿಯುತ್ತದೆ ಎಂಬುದನ್ನು ನಮ್ಮ ಗೋಕಾಕ, ಮೂಡಲಗಿ, ಹುಕ್ಕೇರಿ ತಾಲೂಕುಗಳ ಅನುಭವದಿಂದಲೇ ವಿವರಿಸುವುದು ಅವಶ್ಯವೆನಿಸುತ್ತದೆ.

ದಾನವಲ್ಲ, ದಾಸೋಹ

ಹನ್ನೆರಡನೆಯ ಶತಮಾನದ ಶರಣರು ನಮಗೆ ಕೊಟ್ಟ ಎರಡು ದೊಡ್ಡ ತತ್ತ್ವಗಳು ಕಾಯಕ ಮತ್ತು ದಾಸೋಹ. ಇವು ಒಂದನ್ನೊಂದು ಬಿಟ್ಟು ನಿಲ್ಲಲಾರವು. ಸ್ವಂತ ದುಡಿಮೆಯಿಂದ ಗಳಿಸುವುದು ಕಾಯಕ. ಗಳಿಸಿದ್ದು ತನ್ನೊಬ್ಬನದಲ್ಲವೆಂದು ತಿಳಿದು ಸಮಾಜಕ್ಕೆ ಸಲ್ಲಿಸುವುದು ದಾಸೋಹ. ಜನರು ಸಾಮಾನ್ಯವಾಗಿ ದಾಸೋಹವನ್ನು ದಾನವೆಂದೇ ಭಾವಿಸುತ್ತಾರೆ. ಆದರೆ ಇವೆರಡರ ನಡುವೆ ಅಂತರವಿದೆ. ದಾನದಲ್ಲಿ ಕೊಡುವವನ ಕೈ ಮೇಲಿರುತ್ತದೆ, ಪಡೆಯುವವನ ಕೈ ಕೆಳಗಿರುತ್ತದೆ. ದಾಸೋಹದಲ್ಲಿ ಕೊಡುವವನೇ ದಾಸ. ಆದ್ದರಿಂದ ಅಲ್ಲಿ ಪಡೆಯುವವನು ತಲೆ ತಗ್ಗಿಸಬೇಕಾಗಿಲ್ಲ.

ಆಯ್ದಕ್ಕಿ ಮಾರಯ್ಯ ಮತ್ತು ಲಕ್ಕಮ್ಮ ದಂಪತಿಗಳ ಕಥೆಯನ್ನು ಬಲ್ಲವರಿಗೆ ಇನ್ನೊಂದು ಸಂಗತಿಯೂ ತಿಳಿದಿದೆ. ಕಲ್ಯಾಣದಲ್ಲಿ ಚೆಲ್ಲಿದ ಅಕ್ಕಿಯನ್ನು ಆಯ್ದು ತಂದು, ಅದರಿಂದಲೇ ದಾಸೋಹ ನಡೆಸುವುದು ಮಾರಯ್ಯನವರ ಕಾಯಕವಾಗಿತ್ತು. ಒಂದು ದಿನ ಅವರು ನಿತ್ಯಕ್ಕಿಂತ ಹೆಚ್ಚು ಅಕ್ಕಿ ತಂದರು. ಲಕ್ಕಮ್ಮನವರು ಅದನ್ನು ಒಲೆಗೇರಿಸಲಿಲ್ಲ. ಹೆಚ್ಚಿನದನ್ನು ತಂದಲ್ಲಿಯೇ ಸುರಿದು ಬರುವಂತೆ ಪತಿಗೆ ತಿಳಿಹೇಳಿದರು. ಇಲ್ಲಿ ನಾವು ಗಮನಿಸಬೇಕಾದುದು ಅವರ ತ್ಯಾಗವನ್ನಷ್ಟೇ ಅಲ್ಲ. ಲಕ್ಕಮ್ಮನವರಿಗೆ ಅಳತೆ ಗೊತ್ತಿತ್ತು. ಎಷ್ಟು ಬೇಕು, ಎಷ್ಟು ಹೆಚ್ಚು ಎಂಬ ಲೆಕ್ಕ ಅವರ ಕೈಯಲ್ಲಿತ್ತು. ಭಕ್ತಿಯೂ ಲೆಕ್ಕವೂ ಒಂದೇ ಅಡುಗೆಮನೆಯಲ್ಲಿ ಕೂಡಿ ಇದ್ದವು. ಲೆಕ್ಕವೆಂಬುದು ಸಣ್ಣತನದ ಗುರುತೆಂದೂ, ಮನಸ್ಸು ದೊಡ್ಡದಿದ್ದವನಿಗೆ ಕಟ್ಟಳೆ ಬೇಕಿಲ್ಲವೆಂದೂ ತಿಳಿಯುವುದು ಶರಣರ ಮಾರ್ಗವಲ್ಲ. ಈ ಲೇಖನದಲ್ಲಿ ನಾವು ಹೇಳಬಯಸುವ ಮುಖ್ಯ ಮಾತು ಇದೇ.

ಮುಯ್ಯಾಳು, ಬಾವಿಯ ಪಾಳಿ

ನಮ್ಮ ಭಾಗದ ಹಿರಿಯರು ಹಂಚಿಕೊಂಡು ಬಾಳಿದ್ದು ಕೇವಲ ಒಳ್ಳೆಯತನದಿಂದಲ್ಲ, ಗಟ್ಟಿಯಾದ ಕಟ್ಟಳೆಯಿಂದ. ಬಿತ್ತಿಗೆ, ಕಳೆ, ಸುಗ್ಗಿಯ ದಿನಗಳಲ್ಲಿ ಒಬ್ಬರ ಹೊಲಕ್ಕೆ ಇನ್ನೊಬ್ಬರು ಮುಯ್ಯಾಳಾಗಿ ಹೋಗುತ್ತಿದ್ದರು. ಇಂದು ನಿಮ್ಮ ಹೊಲಕ್ಕೆ ನಮ್ಮ ಮನೆಯ ಇಬ್ಬರು ಬಂದರೆ, ನಾಳೆಯೋ ನಾಡಿದ್ದೋ ನಮ್ಮ ಹೊಲಕ್ಕೆ ನಿಮ್ಮ ಮನೆಯ ಇಬ್ಬರು ಬರಬೇಕು. ಕೂಲಿಯ ಮಾತಿಲ್ಲ, ಆದರೆ ಆಳಿನ ಎಣಿಕೆ ಇಬ್ಬರ ನೆನಪಿನಲ್ಲೂ ಸ್ಪಷ್ಟವಾಗಿರುತ್ತಿತ್ತು. ಒಂಟಿ ಎತ್ತಿದ್ದವರು ಮತ್ತೊಬ್ಬ ಒಂಟಿ ಎತ್ತಿನವರೊಡನೆ ಕೂಡಿ ಜೋಡಿ ಮಾಡಿಕೊಂಡು, ಸರದಿಯಂತೆ ಇಬ್ಬರ ಹೊಲವನ್ನೂ ಹರಗುತ್ತಿದ್ದರು. ಮದುವೆಯಲ್ಲಿ ಬಂದ ಆಹೇರನ್ನು ಯಾರು ಎಷ್ಟು ತಂದರೆಂದು ಪುಸ್ತಕದಲ್ಲಿ ಬರೆದಿಡುವುದು ಇಂದಿಗೂ ನಮ್ಮ ಮನೆಗಳಲ್ಲಿ ಉಳಿದಿದೆ. ಅದನ್ನು ಲೋಭವೆಂದು ಯಾರೂ ತಿಳಿಯುವುದಿಲ್ಲ. ಮರಳಿ ಸಲ್ಲಿಸುವ ಹೊಣೆಯನ್ನು ಮರೆಯದಿರಲೆಂದೇ ಆ ಬರಹ.

ಬಾವಿಯ ವ್ಯವಸ್ಥೆ ಇನ್ನೂ ಸೂಕ್ಷ್ಮವಾದುದು. ಅಣ್ಣತಮ್ಮಂದಿರು ಬೇರೆಯಾದಾಗ ಹೊಲವನ್ನು ಹರಿದು ಹಂಚಬಹುದು, ಬಾವಿಯನ್ನು ಹರಿಯಲಾಗದು. ಆದ್ದರಿಂದ ವಾಟಣಿ ಪತ್ರದಲ್ಲಿ ಬಾವಿಯ ನೀರಿಗೆ ಇಂತಿಷ್ಟು ಆಣೆಯ ಹಿಸ್ಸೆ ಎಂದು ಬರೆಯುತ್ತಿದ್ದರು. ಎಂಟಾಣೆ ಹಿಸ್ಸೆಯವನಿಗೆ ವಾರದಲ್ಲಿ ಅರ್ಧ ಪಾಳಿ, ನಾಲ್ಕಾಣೆಯವನಿಗೆ ಕಾಲು ಪಾಳಿ. ಹೂಳು ತೆಗೆಯುವ ಖರ್ಚೂ ಅದೇ ಹಿಸ್ಸೆಯಂತೆ. ಎತ್ತುಗಳಿಂದ ತೊಗಲಿನ ಚೀಲದಲ್ಲಿ ನೀರೆತ್ತುವ ಕಪಿಲೆಯ ಕಾಲದಲ್ಲಿ ಈ ಪಾಳಿ ತಪ್ಪುತ್ತಿರಲಿಲ್ಲ. ಒಬ್ಬನ ಪಾಳಿಯ ದಿನ ಅವನ ಮನೆಯಲ್ಲಿ ಸಾವು ಸಂಭವಿಸಿದರೆ ಉಳಿದವರೇ ಅವನ ಬೆಳೆಗೆ ನೀರು ಹಾಯಿಸಿ ಬರುತ್ತಿದ್ದರು. ಈ ಔದಾರ್ಯ ಸಾಧ್ಯವಾದದ್ದು ಪಾಳಿ ಯಾರದೆಂಬುದು ಖಚಿತವಾಗಿದ್ದುದರಿಂದ. ಹಕ್ಕು ಸ್ಪಷ್ಟವಾಗಿರುವಲ್ಲಿ ಬಿಟ್ಟುಕೊಡುವುದಕ್ಕೂ ಅರ್ಥವಿರುತ್ತದೆ.

ಆಮೇಲೆ ಕೊಳವೆಬಾವಿ ಬಂತು, ಟ್ರ್ಯಾಕ್ಟರ್ ಬಂತು. ಒಬ್ಬರಿಗೊಬ್ಬರು ಬೇಕೆನ್ನುವ ಅನಿವಾರ್ಯತೆ ಕಡಿಮೆಯಾಯಿತು. ಇದನ್ನು ನಾವು ಕೆಡುಕೆಂದೇ ಹೇಳುವುದಿಲ್ಲ. ಹಳೆಯ ಏರ್ಪಾಡುಗಳಲ್ಲಿ ಬೆನ್ನು ಮುರಿಯುವ ದುಡಿಮೆಯಿತ್ತು. ದುರ್ಬಲನಾದವನನ್ನು ಕಡೆಗಣಿಸುವ ಕ್ರೌರ್ಯವೂ ಇತ್ತು. ಆದರೆ ಒಂದು ಹಳೆಯ ಬಾವಿಯ ಸುತ್ತ ನಾಲ್ಕು ಮನೆಯವರು ನಾಲ್ಕು ಕೊಳವೆಬಾವಿ ಕೊರೆಸಿ, ನೆಲದೊಳಗಿನ ಒಂದೇ ನೀರನ್ನು ನಾಲ್ಕು ಕಡೆಯಿಂದ ಎಳೆದು, ಕೊನೆಗೆ ನಾಲ್ವರೂ ಸಾಲಗಾರರಾದ ಉದಾಹರಣೆಗಳು ನಮ್ಮ ಕಣ್ಣೆದುರಿಗಿವೆ. ಹಂಚಿಕೊಳ್ಳುವುದನ್ನು ಬಿಟ್ಟಾಕ್ಷಣ ನೀರೇನೂ ಬೇರೆಯಾಗುವುದಿಲ್ಲ; ಅದರ ಲೆಕ್ಕ ಮಾತ್ರ ಇಲ್ಲವಾಗುತ್ತದೆ.

ಹುಕ್ಕೇರಿಯ ಬೆಳಕು

ಹಳೆಯದು ಹೋಯಿತೆಂದು ಹಳಹಳಿಸುವವರಿಗೆ ನಾವು ಹುಕ್ಕೇರಿ ತಾಲೂಕನ್ನು ತೋರಿಸುತ್ತೇವೆ. ಹೊಸ ಕಾಲದ ವಸ್ತುವೊಂದನ್ನು ನೆರೆಹೊರೆಯವರು ಕೂಡಿ ಪಡೆದ ದೊಡ್ಡ ನಿದರ್ಶನ ಅಲ್ಲಿದೆ.

ಗೋಕಾಕ ಜಲಪಾತದ ನೀರಿನ ಬಲದಿಂದ ಅಲ್ಲಿಯ ನೂಲಿನ ಗಿರಣಿಯ ಯಂತ್ರಗಳು ಹತ್ತೊಂಬತ್ತನೆಯ ಶತಮಾನದ ಕೊನೆಯ ದಶಕಗಳಲ್ಲಿಯೇ ತಿರುಗತೊಡಗಿದ್ದವು. ಆದರೆ ಅದೇ ಘಟಪ್ರಭೆಯ ದಡದ ಹಳ್ಳಿಗಳ ಮನೆಗಳಲ್ಲಿ ಮುಂದೆ ಬಹುಕಾಲ ಚಿಮಣಿಯ ಬೆಳಕೇ ಗತಿಯಾಗಿತ್ತು. ಇದಕ್ಕೆ ಕಾರಣ ಸುಲಭವಾಗಿ ತಿಳಿಯುವಂಥದು. ಗಿರಣಿ ಒಂದೆಡೆ ಇದೆ. ಹಳ್ಳಿಗಳ ಮನೆಗಳು ಚದುರಿವೆ. ಅದರಲ್ಲೂ ನಮ್ಮ ಭಾಗದಲ್ಲಿ ಅನೇಕ ಕುಟುಂಬಗಳು ಊರು ಬಿಟ್ಟು ತಮ್ಮ ತೋಟಗಳಲ್ಲೇ ಮನೆ ಮಾಡಿಕೊಂಡಿವೆ. ಅಂಥ ಒಂದು ತೋಟದ ಮನೆಗೆ ಕಂಬ ನೆಟ್ಟು, ತಂತಿ ಎಳೆದು, ಟಿ.ಸಿ. ಕೂಡಿಸುವ ಖರ್ಚು ಆ ಒಂದು ಮನೆಯ ಬಿಲ್ಲಿನಿಂದ ಎಂದೂ ಹುಟ್ಟುವುದಿಲ್ಲ. ಲಾಭವನ್ನೇ ನೋಡುವವರು ಅಂಥಲ್ಲಿಗೆ ಬರುವುದಿಲ್ಲ.

ಅಮೆರಿಕದ ರೈತರಿಗೂ ಇದೇ ಕಷ್ಟವಿತ್ತು. ಅಲ್ಲಿಯ ಖಾಸಗಿ ಕಂಪನಿಗಳು ದೂರದ ಹೊಲಮನೆಗಳಿಗೆ ತಂತಿ ಎಳೆಯಲು ಒಪ್ಪದಿದ್ದಾಗ, 1935ರಲ್ಲಿ ಸರಕಾರ ಗ್ರಾಮೀಣ ವಿದ್ಯುದೀಕರಣಕ್ಕೆಂದೇ ಒಂದು ಆಡಳಿತವನ್ನು ಏರ್ಪಡಿಸಿತು. ಅದರ ಸಾಲದ ನೆರವಿನಿಂದ ರೈತರೇ ಸಹಕಾರಿ ಸಂಘಗಳನ್ನು ಕಟ್ಟಿಕೊಂಡು ತಮ್ಮ ತಂತಿಗಳನ್ನು ತಾವೇ ಎಳೆದುಕೊಂಡರು. ಅದೇ ಮಾದರಿಯಲ್ಲಿ ಭಾರತದಲ್ಲಿ ಪ್ರಯೋಗಾರ್ಥವಾಗಿ ಐದು ಕಡೆ ಗ್ರಾಮೀಣ ವಿದ್ಯುತ್ ಸಹಕಾರಿ ಸಂಘಗಳನ್ನು ಆರಂಭಿಸಲಾಯಿತು. ಆಗಿನ ಆಂಧ್ರಪ್ರದೇಶದ ಸಿರಿಸಿಲ್ಲ, ಗುಜರಾತಿನ ಕೋಡಿನಾರ, ಮಹಾರಾಷ್ಟ್ರದ ಮುಳಾ-ಪ್ರವರಾ, ಉತ್ತರಪ್ರದೇಶದ ಲಖನೌ, ಐದನೆಯದು ನಮ್ಮ ಹುಕ್ಕೇರಿ. 1969ರಲ್ಲಿ ಹುಕ್ಕೇರಿ ಗ್ರಾಮೀಣ ವಿದ್ಯುತ್ ಸಹಕಾರಿ ಸಂಘ ಸ್ಥಾಪನೆಗೊಂಡಿತು. ಈ ಭಾಗದ ಸಹಕಾರಿ ಧುರೀಣರಾದ ಅಪ್ಪಣಗೌಡ ಪಾಟೀಲರ ಹೆಸರನ್ನು ಜನರು ಇಂದಿಗೂ ಈ ಸಂಘದೊಡನೆ ಕೂಡಿಸಿಯೇ ನೆನೆಯುತ್ತಾರೆ. ಕರ್ನಾಟಕದಲ್ಲಿ ವಿದ್ಯುತ್ತನ್ನು ವಿತರಿಸುವ ಸಹಕಾರಿ ಸಂಘ ಇದೊಂದೇ.

ಇದರ ಕಾರ್ಯವಿಧಾನವೂ ಸರಳವಾದುದು. ವಿದ್ಯುತ್ತನ್ನು ಸಂಘವು ತಾನೇ ಉತ್ಪಾದಿಸುವುದಿಲ್ಲ. ಸಗಟಾಗಿ ಪಡೆದು ತಾಲೂಕಿನ ಮನೆ, ಅಂಗಡಿ, ಪಂಪ್‌ಸೆಟ್ಟುಗಳಿಗೆ ತನ್ನ ತಂತಿಗಳ ಮೂಲಕ ಮುಟ್ಟಿಸುತ್ತದೆ. ದರವನ್ನು ರಾಜ್ಯದ ವಿದ್ಯುಚ್ಛಕ್ತಿ ನಿಯಂತ್ರಣ ಆಯೋಗ ನಿಗದಿಪಡಿಸುತ್ತದೆ. ಗ್ರಾಹಕರು ಶೇರು ಪಡೆದು ಸದಸ್ಯರಾಗುತ್ತಾರೆ. ಸದಸ್ಯರು ಆಡಳಿತ ಮಂಡಳಿಯನ್ನು ಚುನಾಯಿಸುತ್ತಾರೆ. ಹತ್ತಿರದ ಮನೆಗಳೂ ದೂರದ ತೋಟಗಳೂ ಒಂದೇ ಲೆಕ್ಕದಲ್ಲಿ ಸೇರುವುದರಿಂದ, ಒಬ್ಬಂಟಿಯಾಗಿ ಎಂದೂ ಬೆಳಕು ಕಾಣದಿದ್ದ ಮನೆಯೂ ಬೆಳಕು ಕಾಣುತ್ತದೆ. ಇದು ದಾಸೋಹ ತತ್ತ್ವದ ಆಧುನಿಕ ರೂಪವೆಂದರೆ ಅತಿಶಯೋಕ್ತಿಯಾಗದು.

ಆದರೆ ಸಹಕಾರಿ ಎಂಬ ಹೆಸರೊಂದೇ ಯಾವ ಸಂಸ್ಥೆಯನ್ನೂ ಕಾಪಾಡುವುದಿಲ್ಲ. ಆ ಐದರ ಪೈಕಿ ಮುಳಾ-ಪ್ರವರಾ ಸಂಘವು 2011ರಲ್ಲಿ ವಿದ್ಯುತ್ ವಿತರಣೆಯ ಪರವಾನಗಿಯನ್ನೇ ಕಳೆದುಕೊಂಡಿತು. ಸಂಸ್ಥೆ ನಮ್ಮದೆಂದು ಹೇಳುವವರು ಅದರ ವಾರ್ಷಿಕ ಸಭೆಗೆ ಹೋಗಬೇಕು, ಲೆಕ್ಕಪತ್ರವನ್ನು ಓದಬೇಕು, ಬಾಕಿಯನ್ನು ತುಂಬಬೇಕು. ಗದಗ ತಾಲೂಕಿನ ಕಣಗಿನಹಾಳದಲ್ಲಿ 1905ರಲ್ಲಿ ಸಿದ್ದನಗೌಡ ಸಣ್ಣರಾಮನಗೌಡ ಪಾಟೀಲರು ಕೃಷಿ ಪತ್ತಿನ ಸಹಕಾರ ಸಂಘವನ್ನು ಕಟ್ಟಿದಂದಿನಿಂದ ಈ ನಾಡಿನ ಸಹಕಾರ ಚಳವಳಿ ಕಲಿಸಿದ ಪಾಠ ಇದೇ: ಸದಸ್ಯನು ಕೇವಲ ಗಿರಾಕಿಯಾದ ದಿನ ಸಂಘ ಬಡವಾಗುತ್ತದೆ.

ಇದೇ ಮಾತನ್ನು ಸಣ್ಣ ಪ್ರಮಾಣದಲ್ಲಿ ಪ್ರತಿಯೊಂದು ಹೊಲದ ಟಿ.ಸಿ.ಯ ಬುಡದಲ್ಲಿ ನೋಡಬಹುದು. ಒಂದು ಟಿ.ಸಿ.ಗೆ ಹತ್ತಾರು ಪಂಪ್‌ಸೆಟ್ಟುಗಳು ಹೊಂದಿಕೊಂಡಿರುತ್ತವೆ. ಕರೆಂಟು ಬಂದೊಡನೆ ಎಲ್ಲರೂ ಒಮ್ಮೆಲೇ ಮೋಟರು ಚಾಲೂ ಮಾಡಿದರೆ ಭಾರ ತಾಳದೆ ಟಿ.ಸಿ. ಸುಡುತ್ತದೆ, ಬೇಸಗೆಯಲ್ಲಿ ಎಲ್ಲರ ಕಬ್ಬೂ ಒಣಗುತ್ತದೆ. ಪಾಳಿ ಮಾಡಿಕೊಂಡವರ ಟಿ.ಸಿ. ಬಾಳುತ್ತದೆ. ಅಲ್ಲಿ ಸ್ವಾರ್ಥಿಯಾದವನಿಗೂ ತಿಳಿಯುವ ಸತ್ಯವೊಂದಿದೆ: ನೆರೆಯವನ ಪಾಳಿಯನ್ನು ಕಾಯುವುದೆಂದರೆ ತನ್ನ ಬೆಳೆಯನ್ನೇ ಕಾಯುವುದು.

ಕಾಲುವೆಯ ತಲೆ, ಕಾಲುವೆಯ ಕೊನೆ

ಟಿ.ಸಿ.ಯ ಸುತ್ತಲಿನವರು ಒಬ್ಬರನ್ನೊಬ್ಬರು ಬಲ್ಲವರು. ಆದರೆ ಕಾಲುವೆಯ ನೀರನ್ನು ಹಂಚಿಕೊಳ್ಳುವವರು ಪರಸ್ಪರ ಮುಖವನ್ನೇ ಕಂಡಿರುವುದಿಲ್ಲ. ಅಲ್ಲಿ ಹಂಚಿಕೆ ಇನ್ನಷ್ಟು ಕಠಿಣ.

ಗೋಕಾಕ ತಾಲೂಕಿನ ಧೂಪದಾಳದಲ್ಲಿ ಘಟಪ್ರಭೆಗೆ ಕಟ್ಟಿದ ಒಡ್ಡು 1897ರಲ್ಲಿ ಪೂರ್ಣಗೊಂಡಿತು. ಅಲ್ಲಿಂದ ಹೊರಟ ಎಡದಂಡೆ ಕಾಲುವೆಯನ್ನು ಸ್ವಾತಂತ್ರ್ಯಾನಂತರ 109 ಕಿಲೋಮೀಟರಿನವರೆಗೆ ಬೆಳೆಸಲಾಯಿತು. ಮೇಲೆ ಹುಕ್ಕೇರಿ ತಾಲೂಕಿನ ಹಿಡಕಲ್ಲಿನಲ್ಲಿ 51 ಟಿ.ಎಂ.ಸಿ. ಸಾಮರ್ಥ್ಯದ ಜಲಾಶಯವಾಯಿತು. ಹೀಗೆ ಹುಕ್ಕೇರಿಯಲ್ಲಿ ನಿಂತ ನೀರು, ಗೋಕಾಕದಲ್ಲಿ ತಿರುಗಿ, ಮೂಡಲಗಿಯ ಹೊಲಗಳನ್ನೂ ಅದರಾಚೆಯ ನೆಲವನ್ನೂ ತೋಯಿಸುತ್ತದೆ. ಮೂಡಲಗಿ ಈಚೆಗೆ ಗೋಕಾಕದಿಂದ ಬೇರೆಯಾಗಿ ತಾಲೂಕಾಗಿರಬಹುದು. ನೀರಿನ ನೆರೆತನ ಮಾತ್ರ ಬೇರೆಯಾಗಿಲ್ಲ. ಹಿಡಕಲ್ಲಿನ ಹಿನ್ನೀರಿನಲ್ಲಿ ಹಲವು ಹಳ್ಳಿಗಳ ಮನೆ, ಹೊಲ, ದೇವಾಲಯಗಳು ಮುಳುಗಿವೆ. ಅವರು ಬಿಟ್ಟುಕೊಟ್ಟ ನೆಲದ ಮೇಲೆ ನಿಂತ ನೀರನ್ನೇ ಕೆಳಗಿನ ನಾವು ಉಣ್ಣುತ್ತಿದ್ದೇವೆ. ಈ ಋಣವನ್ನು ನೆನೆಯುವವರು ವಿರಳ.

ಕಾಲುವೆಯ ತಲೆಯಲ್ಲಿದ್ದವರು ಬೇಕಾದುದಕ್ಕಿಂತ ಹೆಚ್ಚು ಹಾಯಿಸಿಕೊಂಡರೆ ಕೊನೆಯಂಚಿನವರಿಗೆ ನೀರು ಮುಟ್ಟುವುದಿಲ್ಲ. ಮೇಲಿನವರ ಹೊಲ ಜವಳು ಹಿಡಿಯುತ್ತದೆ, ಕೆಳಗಿನವರದು ಬಿರಿಯುತ್ತದೆ. ಲಕ್ಕಮ್ಮನವರು ಹೆಚ್ಚಿನ ಅಕ್ಕಿಯನ್ನು ಮರಳಿಸಿದ್ದರ ಅರ್ಥ ಇಲ್ಲಿ ಹೊಳೆಯುತ್ತದೆ: ಬೇಡದ್ದನ್ನು ಹಿಡಿದಿಟ್ಟುಕೊಂಡವನಿಗೆ ಅದು ರೋಗವಾಗುತ್ತದೆ, ಬೇಕಾದವನಿಗೆ ಅದು ಇಲ್ಲವಾಗುತ್ತದೆ. ಇದಕ್ಕೆ ಪರಿಹಾರವಾಗಿ ರೈತರೇ ನೀರನ್ನು ಅಳೆದು ಹಂಚಿಕೊಳ್ಳುವಂತೆ ನೀರು ಬಳಕೆದಾರರ ಸಹಕಾರ ಸಂಘಗಳ ಏರ್ಪಾಡಿದೆ. ಸಂಘದ ಫಲಕ ತೂಗುಹಾಕಿದ ಮಾತ್ರಕ್ಕೆ ನೀರು ಕೊನೆಗೆ ಮುಟ್ಟದು. ಪಾಳಿಪತ್ರಕವನ್ನು ಎಲ್ಲರ ಎದುರಿಗೆ ಮಾಡಿ, ಅದರಂತೆ ನಡೆದಾಗ ಮುಟ್ಟುತ್ತದೆ.

ಸ್ಪೇನ್ ದೇಶದ ವೇಲೆನ್ಸಿಯಾ ನಗರದಲ್ಲಿ ಕಾಲುವೆಗಳ ರೈತರು ತಾವೇ ಆರಿಸಿದ ಪಂಚರು ಗುರುವಾರಗಳಂದು ಮಧ್ಯಾಹ್ನ ಅಲ್ಲಿಯ ದೊಡ್ಡ ಚರ್ಚಿನ ಬಾಗಿಲಲ್ಲಿ ಕುಳಿತು ನೀರಿನ ತಕರಾರುಗಳನ್ನು ಬಾಯಿಮಾತಿನಲ್ಲೇ ತೀರಿಸುತ್ತಾರೆ. ಶತಮಾನಗಳಿಂದ ಈ ರೂಢಿ ನಡೆದುಬಂದಿದೆ. ಇಂಥ ಅನೇಕ ಸಮುದಾಯಗಳನ್ನು ಅಭ್ಯಸಿಸಿದ ಎಲಿನಾರ್ ಆಸ್ಟ್ರಮ್ ಎಂಬ ವಿದುಷಿಗೆ 2009ರಲ್ಲಿ ಅರ್ಥಶಾಸ್ತ್ರದ ನೊಬೆಲ್ ಪುರಸ್ಕಾರ ದೊರೆಯಿತು. ಅವರು ಕಂಡುಕೊಂಡುದನ್ನು ನಮ್ಮ ಮಾತಿನಲ್ಲಿ ಹೀಗೆ ಹೇಳಬಹುದು: ಯಾರು ಪಾಲುದಾರರೆಂಬುದು ಖಚಿತವಿರಬೇಕು, ನಿಯಮವನ್ನು ಬಳಸುವವರೇ ಮಾಡಬೇಕು, ಕಾಯುವವರೂ ಅವರಲ್ಲಿಯವರೇ ಇರಬೇಕು, ತಪ್ಪಿದವನಿಗೆ ಮೊದಲು ಸಣ್ಣ ದಂಡ, ಮರಳಿ ತಪ್ಪಿದರೆ ದೊಡ್ಡದು, ಜಗಳ ಬಿಡಿಸುವ ಸ್ಥಳ ಹತ್ತಿರದಲ್ಲಿರಬೇಕು. ನಮ್ಮ ಬಾವಿಯ ಪಾಳಿ ನಡೆಸಿದ ಹಿರಿಯರಿಗೆ ಇದು ಹೊಸ ಮಾತೆನಿಸಲಾರದು.

ಮಹಾಪೂರ ಕಲಿಸಿದ್ದು

2019ರ ಆಗಸ್ಟ್ ತಿಂಗಳಿನ ಮಹಾಪೂರವನ್ನು ಈ ಭಾಗದವರು ಮರೆಯುವಂತಿಲ್ಲ. ಘಟಪ್ರಭೆ, ಮಾರ್ಕಂಡೇಯ, ಹಿರಣ್ಯಕೇಶಿ ಉಕ್ಕಿ ಹರಿದವು. ಲೋಳಸೂರ ಸೇತುವೆ ಮುಳುಗಿತು. ಗೋಕಾಕ ನಗರದೊಳಗೆ ನೀರು ನುಗ್ಗಿತು. ಸಂಕೇಶ್ವರದ ತಗ್ಗಿನ ಮನೆಗಳು ಜಲಾವೃತವಾದವು. ಎತ್ತರದಲ್ಲಿದ್ದ ಶ್ರೀಮಠದ ಕಲ್ಯಾಣ ಮಂಟಪಕ್ಕೆ ದನಕರು, ಮಕ್ಕಳುಮರಿಗಳೊಡನೆ ಜನ ಬಂದರು.

ಆ ದಿನಗಳಲ್ಲಿ ನಾವು ಕಂಡ ಔದಾರ್ಯಕ್ಕೆ ಸಾಟಿಯಿಲ್ಲ. ನಾವು ಮಾಡಿದ ತಪ್ಪುಗಳಿಗೂ ಕೊರತೆಯಿಲ್ಲ. ಮೊದಲ ಎರಡು ದಿನ ಸುತ್ತಲ ಊರುಗಳಿಂದ ರೊಟ್ಟಿ, ಚಟ್ನಿ, ಬುತ್ತಿಗಳು ರಾಶಿಯಾಗಿ ಬಂದವು. ಎಷ್ಟೋ ಅನ್ನ ಹಳಸಿ ಚೆಲ್ಲಬೇಕಾಯಿತು. ಹಳೆಯ ಬಟ್ಟೆಗಳು ಗುಡ್ಡೆಯಾದವು. ಹೊದೆಯಲು ಒಣ ಚಾದರಗಳಿರಲಿಲ್ಲ. ನಾಲ್ಕನೆಯ ದಿನ ಬರುವ ರೊಟ್ಟಿ ಕಡಿಮೆಯಾಯಿತು, ಉಣ್ಣುವವರು ಮಾತ್ರ ಅಷ್ಟೇ ಇದ್ದರು. ಆಗ ನಮ್ಮನ್ನು ಉಳಿಸಿದವರು ಊರಿನ ತಾಯಂದಿರು. ಅವರು ಓಣಿಗೊಂದು ದಿನವೆಂದು ಪಾಳಿ ಮಾಡಿದರು. ಒಂದು ಓಣಿ ರೊಟ್ಟಿ ಬಡಿದರೆ ಇನ್ನೊಂದು ಓಣಿ ಪಲ್ಯ ಮಾಡಬೇಕು, ಮೂರನೆಯದು ಹಾಲು ಕೂಡಿಸಬೇಕು. ನಿರಾಶ್ರಿತರ ಹೆಸರು, ಬೇಕಾದ ಔಷಧ, ಕೂಸುಗಳ ಸಂಖ್ಯೆ ಎಲ್ಲವನ್ನೂ ಒಬ್ಬ ವಿದ್ಯಾರ್ಥಿನಿ ಒಂದು ನೂರು ಪುಟದ ನೋಟಬುಕ್ಕಿನಲ್ಲಿ ಬರೆದಳು. ಆ ನೋಟಬುಕ್ಕು ಬಂದ ದಿನದಿಂದ ಯಾರೂ ಹಸಿದು ಮಲಗಲಿಲ್ಲ, ಅನ್ನವೂ ಹಳಸಲಿಲ್ಲ. ಕರುಣೆ ಎರಡು ದಿನ ನಡೆಸಿದ್ದನ್ನು ಕಟ್ಟಳೆ ಹದಿನೈದು ದಿನ ನಡೆಸಿತು.

ಆ ಹದಿನೈದು ದಿನ ಎಲ್ಲ ಕೇರಿಗಳವರೂ ಒಂದೇ ಪಂಕ್ತಿಯಲ್ಲಿ ಕುಳಿತು ಉಂಡರು. ಯಾರ ಪಕ್ಕದಲ್ಲಿ ಯಾರೆಂದು ಕೇಳುವ ವ್ಯವಧಾನ ಯಾರಿಗೂ ಇರಲಿಲ್ಲ. ಬಸವಣ್ಣನವರು ಬಯಸಿದ ಸಮಾಜ ನಮ್ಮ ಮಂಟಪದಲ್ಲಿ ಕೂಡಿಬಂದಿತೆಂದು ನಾವು ಆಗ ಹೆಮ್ಮೆಪಟ್ಟುಕೊಂಡಿದ್ದೆವು.

ಪುಸ್ತಕದಲ್ಲಿ ಇಲ್ಲದ ಹೆಸರುಗಳು

ಈಗ ಮೊದಲು ಹೇಳಿದ ಪುಸ್ತಕಕ್ಕೆ ಬರೋಣ. ಪೂಜ್ಯರ ಅಪ್ಪಣೆಯಂತೆ ಪಾತ್ರೆ ಒಯ್ದವರ ಪುಸ್ತಕವನ್ನು ನಾವು ಮೊದಲ ಪುಟದಿಂದ ಓದಿದೆವು. ಅದರಲ್ಲಿ ಸಿರಿವಂತರ ಹೆಸರುಗಳಿದ್ದವು, ಬಡವರ ಹೆಸರುಗಳಿದ್ದವು, ಲಿಂಗಾಯತರಲ್ಲದವರ ಹೆಸರುಗಳೂ ಇದ್ದವು. ಆದರೆ ಮಠದಿಂದ ಕೂಗಳತೆಯಲ್ಲಿರುವ ದಲಿತ ಕೇರಿಯ ಒಂದು ಹೆಸರೂ ಅದರಲ್ಲಿರಲಿಲ್ಲ. ಮಹಾಪೂರದಲ್ಲಿ ನಮ್ಮೊಡನೆ ಉಂಡವರು, ರೊಟ್ಟಿ ಬಡಿದವರು, ಕೆಸರು ಬಳಿದವರು ಅವರು. ಮುಂದಿನ ವರ್ಷಗಳಲ್ಲಿ ಅವರ ಮನೆಗಳಲ್ಲೂ ಮದುವೆಗಳಾಗಿವೆ. ಅಡುಗೆಯ ಪಾತ್ರೆಗಳು ಪೇಟೆಯಿಂದ ಬಾಡಿಗೆಗೆ ಬಂದಿವೆ. ಮಠದ ಉಗ್ರಾಣದ ಬಾಗಿಲಿಗೆ ಅವರು ಬಂದಿರಲಿಲ್ಲ. ಬರಬೇಡಿರೆಂದು ನಾವು ಹೇಳಿರಲಿಲ್ಲ, ಬನ್ನಿರೆಂದೂ ಹೇಳಿರಲಿಲ್ಲ.

ಪುಸ್ತಕವನ್ನು ಬಗಲಲ್ಲಿಟ್ಟುಕೊಂಡು ನಾವು ಆ ಕೇರಿಗೆ ಹೋದೆವು. ಹಿರಿಯರೊಬ್ಬರು ಕಟ್ಟೆಯ ಮೇಲೆ ಚಾಪೆ ಹಾಸಿ ಕೂಡಿಸಿ, ಚಹಾ ತರಿಸಿದರು. ನಾವು ಬಂದ ಕಾರಣ ಹೇಳಿದಾಗ ಅವರು ನಕ್ಕು ನುಡಿದ ಮಾತನ್ನು ಇದ್ದಂತೆಯೇ ಕೊಡುತ್ತೇವೆ: "ಕೇಳಿದರ ಕೊಡತೀರಿ ಅನ್ನೂದು ನಮಗ ಗೊತ್ತೈತ್ರಿ ಅಪ್ಪಾರ. ನಾವು ಅಡಗಿ ಮಾಡಿ ತೊಳದು ತಂದುಕೊಟ್ಟ ಕೊಪ್ಪರಿಗ್ಯಾಗ ಮರುದಿನ ನೀವು ಪ್ರಸಾದ ಮಾಡತೀರೇನು, ಅದೊಂದು ಗೊತ್ತಿಲ್ಲರಿ."

ನಮಗೆ ಒಡನೆ ಉತ್ತರ ಹೊಳೆಯಲಿಲ್ಲ. ಮಾಡುತ್ತೇವೆಂದು ಬಾಯಿಂದ ಹೇಳುವುದು ಸುಲಭವಿತ್ತು. ಸಮಿತಿಯ ಎಲ್ಲರ ಮನಸ್ಸನ್ನು ಬಲ್ಲ ನಮಗೆ ಆ ಮಾತು ಕೂಡಲೇ ಬರಲಿಲ್ಲವೆಂಬುದನ್ನು ಇಲ್ಲಿ ಒಪ್ಪಿಕೊಳ್ಳುತ್ತೇವೆ. ಮರಳಿ ಬಂದು ಪೂಜ್ಯರ ಸನ್ನಿಧಿಯಲ್ಲಿ ನಡೆದುದನ್ನು ನಿವೇದಿಸಿದೆವು. ಶ್ರೀಗಳು ಬಹಳ ಹೊತ್ತು ಸುಮ್ಮನಿದ್ದು, "ತಾಟು ಕಳೆದವೆಂದು ಸಭೆ ಕೂಡಿಸಿದಿರಿ; ಕೇರಿಯೇ ಕಳೆದದ್ದು ಎಣಿಕೆಗೆ ಬಂದಿರಲಿಲ್ಲ" ಎಂದರು. ಮುಂದೆ ಆ ಕೇರಿಯಲ್ಲೊಂದು ಮದುವೆ ನಿಶ್ಚಯವಾದಾಗ ದೊಡ್ಡ ಕೊಪ್ಪರಿಗೆ, ಹಂಡೆ, ತಾಟುಗಳನ್ನು ಮಠದ ಗಾಡಿಯಲ್ಲೇ ಕಳುಹಿಸಲಾಯಿತು. ಅವು ಮರಳಿ ಬಂದ ಮರುದಿನ ಸೋಮವಾರದ ದಾಸೋಹದ ಅನ್ನ ಅದೇ ಕೊಪ್ಪರಿಗೆಯಲ್ಲಿ ಬೆಂದಿತು. ಪೂಜ್ಯರು ಆ ಕೇರಿಯ ಹಿರಿಯರೊಡನೆ ಪಂಕ್ತಿಯಲ್ಲಿ ಕುಳಿತು ಪ್ರಸಾದ ಸ್ವೀಕರಿಸಿದರು. ಅಂದು ಇಬ್ಬರು ಮೂವರು ಭಕ್ತರು ಉಣ್ಣದೆ ಹೋದುದನ್ನೂ ನಾವು ಮುಚ್ಚಿಡುವುದಿಲ್ಲ. ಅವರಲ್ಲೊಬ್ಬರು ಈಚೆಗೆ ಮತ್ತೆ ಪಂಕ್ತಿಗೆ ಬರತೊಡಗಿದ್ದಾರೆ. ಉಳಿದವರಿಗಾಗಿ ಎಲೆ ಹಾಸಿಯೇ ಇದೆ.

ನೆರೆಹೊರೆಯೆಂದರೆ ಯಾರು ಎಂಬ ಪ್ರಶ್ನೆಗೆ ಮಹಾಪೂರ ಒಂದು ಉತ್ತರ ಕೊಟ್ಟಿತ್ತು. ನೀರು ಇಳಿದ ಮೇಲೆ ನಾವು ಅದನ್ನು ಮರೆತೆವು. ಕಷ್ಟಕಾಲದಲ್ಲಿ ಎಲ್ಲೆಗಳು ತಾವಾಗಿಯೇ ಅಳಿಯುತ್ತವೆ. ಸುಖದ ದಿನಗಳಲ್ಲಿ ಅವು ಮತ್ತೆ ಏಳದಂತೆ ನೋಡಿಕೊಳ್ಳಲು ಎಚ್ಚರ ಬೇಕು. ಆ ಎಚ್ಚರಕ್ಕೆ ಪುಸ್ತಕವೂ ಬೇಕು. ಬರೆದಿಟ್ಟ ಪುಸ್ತಕವಿದ್ದುದರಿಂದಲೇ ಯಾರು ಬಂದಿಲ್ಲವೆಂಬುದು ನಮಗೆ ಕಂಡಿತು.

ಈಗ ಮಾಡಿರುವ ಕಟ್ಟಳೆ

ಪಾತ್ರೆ ಕೊಡುವುದನ್ನು ನಿಲ್ಲಿಸಬಾರದೆಂದೂ, ಬಾಡಿಗೆ ಪಡೆಯಬಾರದೆಂದೂ ಸಮಿತಿ ತೀರ್ಮಾನಿಸಿದೆ. ಅದರೊಡನೆ ಕೆಲವು ನಿಯಮಗಳನ್ನು ಮಾಡಲಾಗಿದೆ. ತಮ್ಮ ಓಣಿಯಲ್ಲೂ ಇಂಥ ಏರ್ಪಾಡು ಮಾಡಿಕೊಳ್ಳಬಯಸುವವರಿಗೆ ಉಪಯೋಗವಾಗಲೆಂದು ಅವುಗಳನ್ನು ಕಾರಣಸಹಿತ ತಿಳಿಸುತ್ತೇವೆ.

ಒಯ್ಯುವಾಗಲೂ ತರುವಾಗಲೂ ಇಬ್ಬರ ಎದುರಿಗೆ ಎಣಿಕೆಯಾಗಬೇಕು. ಇದು ಅಪನಂಬಿಕೆಯಲ್ಲ, ಮುಂದೆ ಅಪನಂಬಿಕೆ ಹುಟ್ಟದಿರಲೆಂದು.

ಕಳೆದುದನ್ನು ಅಂಥದೇ ವಸ್ತುವಿನಿಂದ ತುಂಬಿಕೊಡಬೇಕು, ಹಣದಿಂದಲ್ಲ. ಹಣ ಕೊಟ್ಟರೆ ಮುಗಿಯಿತೆಂಬ ಭಾವ ಬಂದಲ್ಲಿ ವಸ್ತುವಿನ ಮೇಲಿನ ಕಾಳಜಿ ಹೋಗುತ್ತದೆ. ತುಂಬಲು ಶಕ್ತಿಯಿಲ್ಲದವರು ದಾಸೋಹದ ಮನೆಯಲ್ಲಿ ಒಂದು ದಿನ ಸೇವೆ ಸಲ್ಲಿಸಿದರೆ ಸಾಕು.

ಉಗ್ರಾಣದ ಬೀಗದ ಕೈ ವರ್ಷಕ್ಕೊಂದು ಓಣಿಯವರ ಬಳಿ ಇರುತ್ತದೆ. ಎಲ್ಲ ಕೇರಿಗಳೂ ಈ ಪಾಳಿಯಲ್ಲಿ ಬರುತ್ತವೆ. ಕಾಯುವ ಹೊಣೆ ಹೊತ್ತವರಿಗೆ ವಸ್ತು ತಮ್ಮದೆನಿಸುತ್ತದೆ. ಯಾವಾಗಲೂ ಕೇಳುವವರ ಸಾಲಿನಲ್ಲೇ ನಿಂತವರಿಗೆ ಹಾಗೆನಿಸುವುದಿಲ್ಲ.

ತಕರಾರು ಬಂದರೆ ಆ ವರ್ಷ ಬೀಗದ ಕೈ ಹಿಡಿದ ಓಣಿಯ ಇಬ್ಬರು, ಬೇರೆ ಓಣಿಯ ಇಬ್ಬರು, ತಾಯಂದಿರಲ್ಲೊಬ್ಬರು ಕೂಡಿ ಮುಂದಿನ ಸೋಮವಾರದೊಳಗೆ ಬಗೆಹರಿಸಬೇಕು. ತಡವಾದ ಜಗಳ ಬೆಳೆಯುತ್ತದೆ.

ವರ್ಷಕ್ಕೊಮ್ಮೆ, ಶ್ರಾವಣ ಮಂಗಲದ ದಿನ, ಪುಸ್ತಕವನ್ನು ಎಲ್ಲರೆದುರು ಓದಬೇಕು. ಏನು ಕಳೆಯಿತೆಂಬುದನ್ನಷ್ಟೇ ಅಲ್ಲ, ಯಾರ ಹೆಸರು ಬಂದಿಲ್ಲವೆಂಬುದನ್ನೂ ಅಂದು ನೋಡಬೇಕು.

ಆರಂಭಿಸುವವರು ದೊಡ್ಡದರಿಂದ ತೊಡಗಬೇಕಾಗಿಲ್ಲ. ಒಂದು ಓಣಿಗೆ ಒಂದು ಏಣಿ, ಒಂದು ಔಷಧ ಹೊಡೆಯುವ ಪಂಪು, ತಾಡಪತ್ರಿ, ಮಕ್ಕಳ ಶಾಲೆಯ ಪುಸ್ತಕಗಳ ಕಪಾಟು ಸಾಕು. ತಾಯಂದಿರು ನಡೆಸುವ ಭಿಶಿಯ ಶಿಸ್ತನ್ನು ನೋಡಿದವರಿಗೆ ಇದು ಕಠಿಣವೆನಿಸದು. ಹನಿ ಹನಿ ಕೂಡಿ ಹಳ್ಳವಾಗುವುದು ನಿಜ. ಆದರೆ ಹಳ್ಳಕ್ಕೆ ಎರಡು ದಡಗಳಿರಬೇಕು. ಪ್ರೀತಿ ನೀರಾದರೆ ಕಟ್ಟಳೆ ದಡ.

ಕಳೆದ ತಾಟುಗಳ ಪೈಕಿ ಹನ್ನೊಂದು ಈ ನಡುವೆ ಮರಳಿ ಬಂದಿವೆ. ಯಾರದೋ ಅಟ್ಟದ ಮೇಲೆ ಮರೆತು ಉಳಿದಿದ್ದವಂತೆ. ಇನ್ನೂ ಯಾರ ಮನೆಯಲ್ಲಾದರೂ ಇದ್ದರೆ ಸಂಕೋಚಪಡದೆ ತಂದುಕೊಡಬೇಕೆಂದು ವಿನಂತಿಸುತ್ತೇವೆ. ಪುಸ್ತಕದಲ್ಲಿ ಇದುವರೆಗೆ ಹೆಸರು ಬರದವರೂ ಬರಲಿ. ಉಗ್ರಾಣದ ಬಾಗಿಲು ಬೆಳಗಿನ ಪೂಜೆಯ ಬಳಿಕ ತೆರೆದಿರುತ್ತದೆ.